ಕಣ್ಣಿನ ಆಪರೇಷನ್‌ಗೆ ಇನ್ಶೂರೆನ್ಸ್: ಡೇಟ್ ಹಾಕಿಸುವ ಮೊದಲು ನೋಡಿಕೊಳ್ಳಬೇಕಾದ್ದು

ಹೆಲ್ತ್ ಇನ್ಶೂರೆನ್ಸ್ ಇದ್ದರೆ ಕಣ್ಣಿಗೂ ಆಗುತ್ತದೆಯಾ ಅಂತ ಕೇಳಿದರೆ ಏಜೆಂಟರು ‘ಆಗುತ್ತೆ ಸಾರ್’ ಅಂದುಬಿಡುತ್ತಾರೆ. ಸುಳ್ಳೇನಲ್ಲ. ಆದರೆ ಯಾವ ಖರ್ಚಿಗೆ ಆಗುತ್ತದೆ, ಎಷ್ಟು ಆಗುತ್ತದೆ, ಯಾವಾಗಿನಿಂದ ಆಗುತ್ತದೆ ಅನ್ನುವುದು ಆ ಉತ್ತರದಲ್ಲಿ ಇಲ್ಲ. ಅದು ಗೊತ್ತಾಗುವುದು ಆಪರೇಷನ್ ಮುಗಿದು ಬಿಲ್ ಕೈಗೆ ಬಂದಾಗ.

ಒಂದು ಅನುಕೂಲ ಇದೆ. ಪೊರೆ ಆಪರೇಷನ್ ಹೆಚ್ಚಿನವರಿಗೆ ಇವತ್ತೇ ಆಗಬೇಕಾದ್ದಲ್ಲ. ನಮ್ಮ ಮೈಸೂರು, ಮಂಡ್ಯದ ಕಡೆ ‘ಆಷಾಢ ಕಳೀಲಿ’, ‘ದಸರಾ ಮುಗೀಲಿ’ ಅಂತ ಹೇಗೂ ಒಂದೆರಡು ತಿಂಗಳು ಮುಂದೆ ಹಾಕುತ್ತೇವೆ. ಹಾರ್ಟ್ ಅಟ್ಯಾಕ್ ಆದಾಗ ಪಾಲಿಸಿ ಓದುತ್ತ ಕೂರಲು ಆಗುವುದಿಲ್ಲ. ಪೊರೆಗೆ ಆಗುತ್ತದೆ. ಆ ಒಂದೆರಡು ತಿಂಗಳಲ್ಲಿ ಏನೇನು ನೋಡಿಕೊಳ್ಳಬೇಕು ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಕಾಯಬಾರದ ಕಾಯಿಲೆಗಳೂ ಕೆಲವು ಇವೆ, ಅವು ಮುಂದೆ ಬರುತ್ತವೆ.

1. ಯಾವುದಕ್ಕೆ ಸಿಗುತ್ತದೆ, ಯಾವುದಕ್ಕೆ ಸಿಗಲ್ಲ

ನಮ್ಮಲ್ಲಿ ಮಾರುವ ಮಾಮೂಲಿ ಪಾಲಿಸಿ ಆಸ್ಪತ್ರೆಗೆ ಸೇರಿ ಮಾಡಿಸಿಕೊಳ್ಳುವ ಚಿಕಿತ್ಸೆಗೆ ಇರುವಂಥದ್ದು. ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿ ಇರಬೇಕು ಅನ್ನುವುದು ಮೂಲ ನಿಯಮ. ಪೊರೆ ಆಪರೇಷನ್ ಆದವರು ಬೆಳಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿರುತ್ತಾರೆ. ಹಾಗಾದರೆ ಕ್ಲೇಮ್ ಇಲ್ಲವಾ? ಇದೆ. ಇಂಥ ಆಪರೇಷನ್‌ಗಳಿಗೆ ‘ಡೇ ಕೇರ್’ ಅನ್ನುವ ಬೇರೆ ಲೆಕ್ಕ ಇದೆ, ಅಲ್ಲಿ 24 ಗಂಟೆಯ ನಿಯಮ ಬರುವುದಿಲ್ಲ. ಡೇ ಕೇರ್ ಸೆಂಟರ್‌ಗೆ ಇಷ್ಟು ಹಾಸಿಗೆ ಇರಲೇಬೇಕು ಅಂತಲೂ ಇಲ್ಲ. ಡಾಕ್ಟರು, ನರ್ಸು, ಆಪರೇಷನ್ ಥಿಯೇಟರ್ ಇದ್ದು ದಾಖಲೆ ಸರಿಯಾಗಿ ಇಟ್ಟಿದ್ದರೆ ಸಾಕು. ಹಾಗಾಗಿ ಬಡಾವಣೆಯ ಸಣ್ಣ ಕಣ್ಣಾಸ್ಪತ್ರೆಯಲ್ಲಿ ಮಾಡಿಸಿದರೂ ಕ್ಲೇಮ್ ಹಾಕಬಹುದು.

ಪೊರೆ, ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದಿಂದ ನರ ಹಾಳಾಗುವ ಕಾಯಿಲೆ) ಆಪರೇಷನ್, ರೆಟಿನಾ (ಕಣ್ಣಿನ ಹಿಂಬದಿಯ ಪರದೆ) ಕಿತ್ತು ಬಂದರೆ ಮಾಡುವ ಆಪರೇಷನ್, ಅಪಘಾತದಲ್ಲಿ ಕಣ್ಣಿಗೆ ಪೆಟ್ಟು ಬಿದ್ದರೆ ಆಗುವ ಚಿಕಿತ್ಸೆ, ಇವೆಲ್ಲ ಪಾಲಿಸಿಯೊಳಗೆ ಬರುತ್ತವೆ.

ಬರದೇ ಇರುವುದು ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್, ಪವರ್ ಚೆಕ್, ಸುಮ್ನೆ ತೋರಿಸಿಕೊಂಡು ಬಂದಾಗಿನ ಡಾಕ್ಟರ್ ಫೀಸು, ಆಪರೇಷನ್ ಇಲ್ಲದೆ ಸುಮ್ನೆ ಬರೆದುಕೊಟ್ಟ ಡ್ರಾಪ್ಸು. ದೇವರಾಜ ಅರಸು ರಸ್ತೆಯ ಕನ್ನಡಕದ ಅಂಗಡಿಯ ಬಿಲ್ ತಂದುಕೊಟ್ಟರೆ ಯಾವ ಕಂಪನಿಯೂ ಮಾಮೂಲಿ ಪಾಲಿಸಿಯಲ್ಲಿ ದುಡ್ಡು ಕೊಡುವುದಿಲ್ಲ. ಪವರ್ ಕನ್ನಡಕದ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 5 ಪರ್ಸೆಂಟ್‌ಗೆ ಇಳಿದಿದೆ, ಸದ್ಯಕ್ಕೆ ಅಷ್ಟೇ ಸಮಾಧಾನ. ಗ್ಲಾಕೋಮಾ ಇರುವವರ ಪಾಡು ಇದರಲ್ಲಿ ಕಷ್ಟದ್ದು. ಅವರು ಜೀವನಪೂರ್ತಿ ಡ್ರಾಪ್ಸ್ ಹಾಕಬೇಕು, ತಿಂಗಳು ತಿಂಗಳು ಖರ್ಚು. ಆ ದುಡ್ಡು ಕೈಯಿಂದಲೇ ಹೋಗುತ್ತದೆ. ಹೊರರೋಗಿ ಖರ್ಚಿಗೆ, ಅಂದರೆ ಓಪಿಡಿಗೆ, ಬೇರೆ ರೈಡರ್, ಅಂದರೆ ಹೆಚ್ಚು ಪ್ರೀಮಿಯಂ ಕಟ್ಟಿ ಪಾಲಿಸಿಗೆ ಸೇರಿಸಿಕೊಳ್ಳುವ ಸೌಲಭ್ಯ, ಮಾರುತ್ತಾರೆ. ಬರೀ ಕನ್ನಡಕಕ್ಕೋಸ್ಕರ ಅದನ್ನು ತೆಗೆದುಕೊಳ್ಳುವುದು ನನಗಂತೂ ಲಾಭದ ವ್ಯವಹಾರ ಅನ್ನಿಸಿಲ್ಲ. ವರ್ಷಕ್ಕೆ ಎಷ್ಟು ಜಾಸ್ತಿ ಪ್ರೀಮಿಯಂ, ಎಷ್ಟು ವಾಪಸ್ ಬರುತ್ತದೆ ಅಂತ ನೀವೇ ಒಂದು ಹಾಳೆಯಲ್ಲಿ ಲೆಕ್ಕ ಹಾಕಿ ನೋಡಿ.

ಮದುವೆಗೆ ಮುಂಚೆ ಕನ್ನಡಕ ತೆಗೆಸಬೇಕು ಅಂತ ಲೇಸಿಕ್ ಮಾಡಿಸುವವರು ಬಹಳ ಜನ ಕೇಳುತ್ತಾರೆ. ಇದಕ್ಕೆ ಎಲ್ಲ ಕಂಪನಿಗಳಿಗೂ ಒಂದೇ ನಿಯಮ. ಪವರ್ 7.5ಕ್ಕಿಂತ ಕಡಿಮೆ ಇದ್ದರೆ ದೃಷ್ಟಿ ಸರಿಪಡಿಸುವ ಚಿಕಿತ್ಸೆಗೆ ಕ್ಲೇಮ್ ಇಲ್ಲ. ಮೈನಸ್ 3, ಮೈನಸ್ 4 ಇರುವವರು ಕೇಳುವುದೂ ವ್ಯರ್ಥ. 7.5 ಅಥವಾ ಅದಕ್ಕಿಂತ ಮೇಲಿದ್ದರೆ ಮಾತ್ರ ಪಾಲಿಸಿ ತೆಗೆದು ಓದಿ, ಆಗಲೂ ಕಂಪನಿಯ ಒಪ್ಪಿಗೆ ಬರಹದಲ್ಲಿ ಬಂದ ಮೇಲೆಯೇ ಮುಂದುವರಿಯಿರಿ.

2. ನಿಮ್ಮ ಮನೆಯಲ್ಲಿ ಈಗಾಗಲೇ ಏನಿದೆ ನೋಡಿ

ಪ್ರೈವೇಟ್ ಪಾಲಿಸಿಯ ಹಿಂದೆ ಓಡುವ ಮೊದಲು ಬೀರು ತೆಗೆದು ನೋಡಿ. ಎಷ್ಟೋ ಮನೆಗಳಲ್ಲಿ ಒಂದಲ್ಲ ಎರಡು ಯೋಜನೆ ಇರುತ್ತದೆ, ಮನೆಯವರಿಗೇ ಗೊತ್ತಿರುವುದಿಲ್ಲ.

ಮಗ ಹೂಟಗಳ್ಳಿಯಲ್ಲೋ ನಂಜನಗೂಡಿನಲ್ಲೋ ಫ್ಯಾಕ್ಟರಿಗೆ ಹೋಗುತ್ತಾನೆ, ಸಂಬಳ ತಿಂಗಳಿಗೆ 21,000ದೊಳಗೆ ಇದೆ ಅಂದರೆ ಬಹುಶಃ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಟ್ ಆಗುತ್ತಿರುತ್ತದೆ. ಸಂಬಳದ ಚೀಟಿಯಲ್ಲಿ ಶೇಕಡ 0.75 ಹಿಡಿದಿದ್ದಾರಾ ನೋಡಿ. ಹಿಡಿದಿದ್ದರೆ ಅವನ ಮೇಲೆ ಅವಲಂಬಿತರಾದ ಅಪ್ಪ ಅಮ್ಮನಿಗೂ ಚಿಕಿತ್ಸೆ ಸಿಗುತ್ತದೆ. ಪೊರೆಗೆ ಇಷ್ಟೇ ರೂಪಾಯಿ ಅನ್ನುವ ಮಿತಿಯ ತಲೆನೋವು ಅಲ್ಲಿಲ್ಲ. ಮೊದಲು ನಿಮ್ಮ ಡಿಸ್ಪೆನ್ಸರಿ, ಅಲ್ಲಿಂದ ಕೆಆರ್‌ಎಸ್ ರಸ್ತೆಯ ಇಎಸ್‌ಐ ಆಸ್ಪತ್ರೆ, ಹೀಗೆ ಹೋಗಬೇಕು. ಓಡಾಟ ಇರುತ್ತದೆ, ತಾಳ್ಮೆ ಬೇಕು.

ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇಕಡ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದವರೆಗೆ. ಇಲ್ಲಿ ಜನ ಎಡವುವುದು ಒಂದೇ ಕಡೆ. ಕಾರ್ಡ್ ಹಿಡಿದು ನೇರವಾಗಿ ಪ್ರೈವೇಟ್ ಆಸ್ಪತ್ರೆಗೆ ಹೋಗುತ್ತಾರೆ. ಎಮರ್ಜೆನ್ಸಿ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರೇ ರೆಫರಲ್ ಚೀಟಿ ಬರೆದುಕೊಡುತ್ತಾರೆ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ಎರಡೂ ಕಡೆ ಮೆಡಿಕಲ್ ಕಾಲೇಜಿನ ಕಣ್ಣಿನ ವಿಭಾಗ ಇದೆ. ಸಾಮಾನ್ಯ ಪೊರೆಗೆ ಅಲ್ಲೇ ಆಪರೇಷನ್ ಆಗುತ್ತದೆ, ರೆಫರಲ್ ಬೇಕಾಗುವುದೇ ಇಲ್ಲ. 1976ರಲ್ಲಿ ಶುರುವಾದ ಅಂಧತ್ವ ನಿಯಂತ್ರಣ ಕಾರ್ಯಕ್ರಮದಿಂದಾಗಿ ಪೊರೆ ಆಪರೇಷನ್ ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ಕೈ ಪಳಗಿದ ಕೆಲಸ. ಸರ್ಕಾರಿ ಅಂದ ತಕ್ಷಣ ಮುಖ ಸಿಂಡರಿಸುವವರು ಒಮ್ಮೆ ಹೋಗಿ ವಿಚಾರಿಸಿಕೊಂಡು ಬನ್ನಿ.

ಮಂಡ್ಯದ ಕಡೆಯ ರೈತರಿಗೆ ಇನ್ನೊಂದು ಇದೆ, ಯಶಸ್ವಿನಿ. ಹಾಲಿನ ಡೈರಿ, ವ್ಯವಸಾಯ ಸೇವಾ ಸಹಕಾರ ಸಂಘ, ಇಂಥ ಸಹಕಾರ ಸಂಘದ ಸದಸ್ಯರಾಗಿದ್ದರೆ ಸೇರಬಹುದು. ನಡುವೆ ನಿಂತುಹೋಗಿದ್ದ ಯೋಜನೆ ಮತ್ತೆ ಶುರುವಾದಾಗ ಹಳ್ಳಿಯ ಕಡೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದಲ್ಲಿ 1,000 ರೂಪಾಯಿ ಇಟ್ಟರು. ಮಿತಿ ಕುಟುಂಬಕ್ಕೆ 5 ಲಕ್ಷ. ವರ್ಷವಿಡೀ ಸೇರಿಸಿಕೊಳ್ಳುವುದಿಲ್ಲ, ನೋಂದಣಿಗೆ ಕೊನೇ ದಿನ ಇರುತ್ತದೆ. ಡೈರಿ ಸೆಕ್ರೆಟರಿಯನ್ನು ಕೇಳಿಟ್ಟುಕೊಳ್ಳಿ. ನಿಮ್ಮ ಆಪರೇಷನ್ ಪಟ್ಟಿಯಲ್ಲಿ ಇದೆಯಾ, ಯಾವ ಆಸ್ಪತ್ರೆಯಲ್ಲಿ ಮಾಡುತ್ತಾರೆ ಅನ್ನುವುದನ್ನೂ ಅಲ್ಲೇ ವಿಚಾರಿಸಿ.

ಮಕ್ಕಳು ಐಟಿ ಕಂಪನಿಯಲ್ಲಿದ್ದರೆ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಅಪ್ಪ ಅಮ್ಮನ ಹೆಸರು ಇದೆಯಾ ಕೇಳಿ. ಗ್ರೂಪ್ ಪಾಲಿಸಿಗಳಲ್ಲಿ ಎಷ್ಟೋ ಕಡೆ ವೇಟಿಂಗ್ ಪೀರಿಯಡ್, ಅಂದರೆ ಕ್ಲೇಮ್ ಹಾಕುವ ಮೊದಲು ಕಾಯಬೇಕಾದ ಅವಧಿ, ಇರುವುದಿಲ್ಲ, ಸೇರಿದ ದಿನದಿಂದಲೇ ಪೊರೆಗೂ ಸಿಗುತ್ತದೆ. ಇದೊಂದು ದೊಡ್ಡ ಅನುಕೂಲ. ಆದರೆ ಮಗಳು ಕೆಲಸ ಬಿಟ್ಟ ದಿನ ಪಾಲಿಸಿಯೂ ಹೋಗುತ್ತದೆ. ಅವಳು ಕಂಪನಿ ಬದಲಾಯಿಸುವ ಮಾತಾಡುತ್ತಿದ್ದರೆ ಆಪರೇಷನ್ ಮುಗಿಸಿಕೊಳ್ಳುವುದು ಜಾಣತನ.

3. ಪಾಲಿಸಿ ತೆಗೆದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ

ಪೂರ್ತಿ ಪಾಲಿಸಿ ಓದಬೇಕಾಗಿಲ್ಲ. ಅದರ ಜೊತೆ ಗ್ರಾಹಕ ಮಾಹಿತಿ ಹಾಳೆ ಅಂತ ಬರುತ್ತದೆ, ಏಜೆಂಟರು ಸಿಐಎಸ್ ಅನ್ನುತ್ತಾರೆ. ಏನು ಸಿಗುತ್ತದೆ, ಏನಿಲ್ಲ, ಎಷ್ಟು ಕಾಯಬೇಕು, ಮಿತಿ ಎಷ್ಟು ಅನ್ನುವುದೆಲ್ಲ ಅದರಲ್ಲಿ ಚಿಕ್ಕದಾಗಿ ಇರುತ್ತದೆ. ಕೇಳಿದರೆ ಇದನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಅಂತ ವಿಮಾ ಕಂಪನಿಗಳನ್ನು ನಿಯಂತ್ರಿಸುವ ವಿಮಾ ಪ್ರಾಧಿಕಾರದ (ಐಆರ್‌ಡಿಎಐ) ನಿಯಮವೇ ಇದೆ. ಕನ್ನಡದಲ್ಲಿ ಕೇಳಿ, ಸಂಕೋಚ ಬೇಡ. ಯಾರೂ ಕೇಳದೆ ಹೋದರೆ ಅವರೂ ಕೊಡುವ ಅಭ್ಯಾಸ ಇಟ್ಟುಕೊಳ್ಳುವುದಿಲ್ಲ.

ಮೊದಲು ನೋಡಬೇಕಾದ್ದು ಪಾಲಿಸಿ ಮೊಟ್ಟಮೊದಲು ಶುರುವಾದ ತಾರೀಕು. ಈ ವರ್ಷದ್ದಲ್ಲ, ಮೊದಲ ವರ್ಷದ್ದು. ಪೊರೆಗೆ ಮತ್ತು ವಯಸ್ಸಿನಿಂದ ಬರುವ ಕಣ್ಣಿನ ತೊಂದರೆಗಳಿಗೆ ಸಾಮಾನ್ಯವಾಗಿ 24 ತಿಂಗಳ ವೇಟಿಂಗ್ ಪೀರಿಯಡ್ ಇರುತ್ತದೆ. 23ನೇ ತಿಂಗಳಲ್ಲಿ ಆಪರೇಷನ್ ಮಾಡಿಸಿದರೆ ಒಂದು ರೂಪಾಯಿಯೂ ಬರುವುದಿಲ್ಲ, 25ನೇ ತಿಂಗಳಲ್ಲಿ ಮಾಡಿಸಿದರೆ ಬರುತ್ತದೆ. ಡೇಟ್ ಹಾಕಿಸುವ ಮೊದಲು ನೋಡಿ ಅಂದದ್ದು ಮುಖ್ಯವಾಗಿ ಇದಕ್ಕೇ. ನಡುವೆ ಪ್ರೀಮಿಯಂ ಕಟ್ಟದೆ ಪಾಲಿಸಿ ನಿಂತುಹೋಗಿದ್ದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುವ ಅಪಾಯ ಇದೆ. ಕಂಪನಿ ಬದಲಾಯಿಸಿದ್ದರೆ ಪೋರ್ಟ್ (ಹಳೇ ಪಾಲಿಸಿಯನ್ನೇ ಹೊಸ ಕಂಪನಿಗೆ ವರ್ಗಾಯಿಸುವುದು) ಮಾಡಿಸಿದ್ದೀರಾ, ಹೊಸದಾಗಿ ತೆಗೆದುಕೊಂಡಿದ್ದೀರಾ ನೋಡಿ. ಪೋರ್ಟ್ ಮಾಡಿಸಿದ್ದರೆ ಹಳೇ ಕಂಪನಿಯಲ್ಲಿ ಕಾದ ತಿಂಗಳುಗಳು ಲೆಕ್ಕಕ್ಕೆ ಬರುತ್ತವೆ. ಮೊತ್ತ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದ್ದರೆ ಮೇಲಿನ ಎರಡು ಲಕ್ಷಕ್ಕೆ ಮತ್ತೆ ಕಾಯಬೇಕು.

ಸಕ್ಕರೆ ಕಾಯಿಲೆ ಇರುವವರಿಗೆ ಇದರ ಜೊತೆ ಇನ್ನೊಂದು ಕಾಯುವ ಅವಧಿ ಇದೆ. ಪಾಲಿಸಿ ತೆಗೆದುಕೊಳ್ಳುವ ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು. 2024ರ ಏಪ್ರಿಲ್‌ಗೆ ಮುಂಚೆ ಇದು 48 ತಿಂಗಳಿತ್ತು. ಶುಗರ್‌ನಿಂದ ರೆಟಿನಾಗೆ ತೊಂದರೆಯಾದರೆ ಕಂಪನಿಯವರು ಮೊದಲು ನೋಡುವುದು ಶುಗರ್ ಇದೆ ಅಂತ ಅರ್ಜಿಯಲ್ಲಿ ಬರೆದಿದ್ದಿರಾ ಅನ್ನುವುದನ್ನು. ‘ಬರೀಬೇಡಿ ಸಾರ್, ಪ್ರೀಮಿಯಂ ಜಾಸ್ತಿ ಆಗುತ್ತೆ’ ಅನ್ನುವ ಏಜೆಂಟರ ಮಾತು ಕೇಳಿದರೆ ಕ್ಲೇಮ್ ದಿನ ಪಂಗನಾಮ. ಆ ದಿನ ಏಜೆಂಟರ ಫೋನ್ ಸ್ವಿಚ್ ಆಫ್ ಇರುತ್ತದೆ.

ಆಮೇಲೆ ಸಬ್‌ಲಿಮಿಟ್. ಇದೇ ಬಹಳ ಜನರ ಜೇಬಿಗೆ ಕತ್ತರಿ ಹಾಕುವುದು. ಪಾಲಿಸಿ ಐದು ಲಕ್ಷದ್ದಾದರೂ ಪೊರೆಗೆ ಐದು ಲಕ್ಷ ಇಲ್ಲ, ಕಣ್ಣಿಗೆ ಇಷ್ಟೇ ಅಂತ ಬೇರೆ ಮಿತಿ ಇರುತ್ತದೆ. ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರುವ ‘ಆರೋಗ್ಯ ಸಂಜೀವನಿ’ ಪಾಲಿಸಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. (ರಾಜ್ಯ ಸರ್ಕಾರಿ ನೌಕರರ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆ ಬೇರೆ, ಇದು ಬೇರೆ.) 2020ರ ಏಪ್ರಿಲ್‌ನಲ್ಲಿ ಬಂದ ಈ ಪಾಲಿಸಿಯಲ್ಲಿ ಪೊರೆಗೆ ಸಿಗುವುದು ವಿಮಾ ಮೊತ್ತದ ಶೇಕಡ 25 ಅಥವಾ 40,000 ರೂಪಾಯಿ, ಯಾವುದು ಕಡಿಮೆಯೋ ಅದು. ಇದು ಒಂದು ಕಣ್ಣಿಗೆ, ಒಂದು ಪಾಲಿಸಿ ವರ್ಷಕ್ಕೆ. ಮೇಲೆ ಶೇಕಡ 5 ಕೋ-ಪೇ, ಅಂದರೆ ನಿಮ್ಮ ಪಾಲು.

ಕುವೆಂಪುನಗರದ ಒಬ್ಬ ರಿಟೈರ್ಡ್ ಮೇಷ್ಟ್ರಿಗೆ ಒಂದು ಕಣ್ಣಿಗೆ 65,000 ರೂಪಾಯಿ ಬಿಲ್ ಆಯಿತು ಅಂತ ಇಟ್ಟುಕೊಳ್ಳಿ. ಪಾಲಿಸಿ ಮೂರು ಲಕ್ಷದ್ದು. ಅದರ ಕಾಲು ಭಾಗ 75,000. ಆದರೆ 40,000 ಅದಕ್ಕಿಂತ ಕಡಿಮೆ, ಹಾಗಾಗಿ ಮಿತಿ 40,000. ಅದರಲ್ಲಿ ಕೋ-ಪೇ 2,000 ಕಳೆದರೆ ಕಂಪನಿ ಕೊಡುವುದು 38,000. ಮೇಷ್ಟ್ರ ಕೈಯಿಂದ 27,000. ಅದೇ ಪಾಲಿಸಿ ಒಂದು ಲಕ್ಷದ್ದಾಗಿದ್ದರೆ ಮಿತಿ 25,000ಕ್ಕೆ ಇಳಿಯುತ್ತದೆ. ಕೋ-ಪೇ ಕಳೆದು ಬರುವುದು 23,750. ಉಳಿದ 41,250 ಅವರದ್ದೇ. ಬೇರೆ ಪಾಲಿಸಿಗಳಲ್ಲಿ ಅಂಕಿ ಬೇರೆ ಇರುತ್ತದೆ. ಕೆಲವದರಲ್ಲಿ ಪೊರೆಗೆ ಮಿತಿಯೇ ಇರುವುದಿಲ್ಲ, ಅವುಗಳ ಪ್ರೀಮಿಯಂ ಜಾಸ್ತಿ. ನಿಮ್ಮ ಪಾಲಿಸಿಯ ಅಂಕಿ ಹಾಕಿ ಇದೇ ಲೆಕ್ಕ ಮಾಡಿ ನೋಡಿ, ಹತ್ತು ನಿಮಿಷದ ಕೆಲಸ.

ಈ ಲೆಕ್ಕ ಮಾಡಿಕೊಂಡ ಮೇಲೆ ಲೆನ್ಸಿನ ಮಾತು ಸುಲಭವಾಗುತ್ತದೆ. ಪೊರೆ ಬಂದ ಲೆನ್ಸ್ ತೆಗೆದು ಆ ಜಾಗಕ್ಕೆ ಕೃತಕ ಲೆನ್ಸ್ ಹಾಕುತ್ತಾರೆ. ಮೋನೋಫೋಕಲ್ ಹಾಕಿದರೆ ಸಾಮಾನ್ಯವಾಗಿ ದೂರದ್ದು ಚೆನ್ನಾಗಿ ಕಾಣುತ್ತದೆ, ಪೇಪರ್ ಓದಲು ಕನ್ನಡಕ ಬೇಕು. ಮಲ್ಟಿಫೋಕಲ್ ಎರಡಕ್ಕೂ ಆಗುತ್ತದೆ, ಬೆಲೆ ಬಹಳ ಜಾಸ್ತಿ. ರಾತ್ರಿ ಲೈಟಿನ ಸುತ್ತ ಬಳೆ ಕಂಡ ಹಾಗೆ ಆಗುತ್ತದೆ ಅಂತ ಹೇಳುವವರೂ ಇದ್ದಾರೆ. ಟೋರಿಕ್ ಅನ್ನುವುದು ಸಿಲಿಂಡರ್ ಪವರ್ ಇರುವವರಿಗೆ. ಯಾವುದನ್ನೇ ಹಾಕಿಸಿ, ಇನ್ಶೂರೆನ್ಸಿನವರ ಮಿತಿ ಬದಲಾಗುವುದಿಲ್ಲ. ದುಬಾರಿ ಲೆನ್ಸಿನ ಹೆಚ್ಚುವರಿ ದುಡ್ಡು ಪೂರ್ತಿ ನಿಮ್ಮದು. ದಿನವಿಡೀ ಮನೆ, ದೇವಸ್ಥಾನ, ಪಾರ್ಕು ಅಂತ ಇರುವ ಹಿರಿಯರಿಗೆ ಓದಲು ಒಂದು ಕನ್ನಡಕ ಇಟ್ಟುಕೊಳ್ಳುವುದು ದೊಡ್ಡ ಕಷ್ಟ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಇದು ಡಾಕ್ಟರ ಜೊತೆ ಕೂತು ಮಾತಾಡಿ ತೀರ್ಮಾನಿಸಬೇಕಾದ್ದು. ಕೌಂಟರ್‌ನಲ್ಲಿ ಪ್ಯಾಕೇಜ್ ಪಟ್ಟಿ ನೋಡಿ ತೀರ್ಮಾನಿಸುವಂಥದ್ದಲ್ಲ.

4. ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರ್‌ನಲ್ಲಿ

ನಿಮ್ಮ ಕಂಪನಿಯ ನೆಟ್‌ವರ್ಕ್‌ನಲ್ಲಿ ಆ ಆಸ್ಪತ್ರೆ ಇದ್ದರೆ ಕ್ಯಾಶ್‌ಲೆಸ್ ಆಗುತ್ತದೆ, ಅಂದರೆ ಕಂಪನಿ ತನ್ನ ಪಾಲನ್ನು ನೇರವಾಗಿ ಆಸ್ಪತ್ರೆಗೇ ಕಟ್ಟುತ್ತದೆ. ಅಂತರ್ಜಾಲದಲ್ಲಿ ಹಳೇ ಪಟ್ಟಿ ಇರಬಹುದು, ಹಾಗಾಗಿ ಆಸ್ಪತ್ರೆಗೂ ಕೇಳಿ, ಕಂಪನಿಗೂ ಫೋನ್ ಮಾಡಿ. ಆಮೇಲೆ ಎಸ್ಟಿಮೇಟ್ ಬರಹದಲ್ಲಿ ತೆಗೆದುಕೊಳ್ಳಿ. ಅಲ್ಲಿ ನಡೆಯುವ ಮಾತು ಹೆಚ್ಚುಕಮ್ಮಿ ಹೀಗಿರುತ್ತದೆ:

‘ಮೇಡಂ, ಲೆನ್ಸಿಗೆ ಎಷ್ಟು, ಆಪರೇಷನ್‌ಗೆ ಎಷ್ಟು ಅಂತ ಬೇರೆ ಬೇರೆ ಬರೆದುಕೊಡಿ.’

‘ಪ್ಯಾಕೇಜ್ ಸಾರ್, ಎಲ್ಲ ಸೇರಿ.’

‘ಪ್ಯಾಕೇಜೇ ಇರಲಿ. ಕಂಪನಿ ಎಷ್ಟು ಕೊಡುತ್ತೆ, ನಾನು ಎಷ್ಟು ಕಟ್ಟಬೇಕು, ಅದನ್ನಾದರೂ ಬರೆದುಕೊಡಿ.’

‘ಅಪ್ರೂವಲ್ ಬಂದ ಮೇಲೆ ಹೇಳ್ತೀವಿ ಸಾರ್.’

‘ಸರಿ, ಹಾಗಾದರೆ ಅಪ್ರೂವಲ್ ಬಂದ ಮೇಲೇ ಡೇಟ್ ಹಾಕಿ.’

ಕೊನೇ ಮಾತು ಹೇಳಲು ಹಿಂಜರಿಯಬೇಡಿ. ಯಾರಿಗೂ ಬೇಜಾರಾಗುವುದಿಲ್ಲ, ದಿನಾ ಕೇಳುವವರು ಇರುತ್ತಾರೆ. ಮೊದಲೇ ಗೊತ್ತಿರುವ ಆಪರೇಷನ್ ಆದರೆ ಕನಿಷ್ಠ 48 ಗಂಟೆ ಮುಂಚೆ ಕಂಪನಿಗೆ ತಿಳಿಸಬೇಕು ಅಂತ ಸಾಮಾನ್ಯವಾಗಿ ಪಾಲಿಸಿಯಲ್ಲಿ ಇರುತ್ತದೆ. ನಾನಾದರೆ ಒಂದು ವಾರ ಮುಂಚೆ ಕಳಿಸಿ ಅನ್ನುತ್ತೇನೆ. 2024ರ ನಿಯಮದ ಪ್ರಕಾರ ಕ್ಯಾಶ್‌ಲೆಸ್ ಅರ್ಜಿಗೆ ಕಂಪನಿ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು. ಡಿಸ್‌ಚಾರ್ಜ್ ಬಿಲ್ಲಿಗೆ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚು ಚಾರ್ಜ್ ಹಾಕಿದರೆ ಆ ಹೊರೆ ಕಂಪನಿಯದು. ಆದರೆ ಕಂಪನಿಯವರು ‘ಇನ್ನೊಂದು ಕಾಗದ ಬೇಕು’ ಅಂತ ಪ್ರಶ್ನೆ ಹಾಕಿದರೆ ಒಂದು ಗಂಟೆಯಲ್ಲಿ ಕೆಲಸ ಮುಗಿಯುವುದಿಲ್ಲ.

ಆ ಪ್ರಶ್ನೆಗಳು ಬಹುಪಾಲು ಕೇಸ್ ಶೀಟಿನಿಂದ ಹುಟ್ಟುತ್ತವೆ. ‘ಎಷ್ಟು ದಿನದಿಂದ ಮಂಜು ಮಂಜಾಗಿ ಕಾಣ್ತಿದೆ ಅಮ್ಮ?’ ಅಂತ ಕೇಳಿದರೆ ನಮ್ಮ ಹಿರಿಯರು ‘ಅಯ್ಯೋ, ನಾಕೈದು ವರ್ಷದಿಂದ’ ಅಂದುಬಿಡುತ್ತಾರೆ. ನಿಜಕ್ಕೂ ಆಗಿರುವುದು ಒಂದು ವರ್ಷ. ಶೀಟಿನಲ್ಲಿ ಐದು ವರ್ಷ ಅಂತ ಬರೆದುಕೊಳ್ಳುತ್ತಾರೆ, ಪಾಲಿಸಿಗೆ ಮೂರು ವರ್ಷ ಆಗಿರುತ್ತದೆ. ‘ಪಾಲಿಸಿಗೆ ಮುಂಚೆಯೇ ಇದ್ದ ಕಾಯಿಲೆ, ಅರ್ಜಿಯಲ್ಲಿ ಬರೆದಿಲ್ಲ’ ಅಂತ ತಕರಾರು ಶುರು. ಸುಳ್ಳು ಹೇಳಿ ಅಂತ ನಾನು ಹೇಳುತ್ತಿಲ್ಲ. ಬಾಯಿಗೆ ಬಂದ ವರ್ಷ ಹೇಳಬೇಡಿ, ಮನೆಯಲ್ಲೇ ಕೂತು ನೆನಪು ಮಾಡಿಕೊಂಡು ಹೋಗಿ. ಹಳೇ ಕನ್ನಡಕದ ಚೀಟಿ ಇದ್ದರೆ ಅದರಲ್ಲಿ ತಾರೀಕು ಸಿಗುತ್ತದೆ.

ಜೊತೆಗೆ ಇವು ಫೈಲಿನಲ್ಲಿ ಇರಲಿ: ಆಪರೇಷನ್ ಬೇಕು ಅಂತ ಡಾಕ್ಟರ್ ಬರೆದ ಚೀಟಿ, ಎರಡೂ ಕಣ್ಣಿನ ದೃಷ್ಟಿಯ ಅಳತೆ, ಎ-ಸ್ಕ್ಯಾನ್ (ಹಾಕುವ ಲೆನ್ಸಿನ ಪವರ್ ಲೆಕ್ಕ ಹಾಕಲು ಕಣ್ಣಿನ ಅಳತೆ ತೆಗೆಯುವುದು) ರಿಪೋರ್ಟ್, ಶುಗರ್ ಮತ್ತು ಬಿಪಿ ರಿಪೋರ್ಟ್, ಆಧಾರ್, ಪಾಲಿಸಿ ಕಾರ್ಡ್. ದೃಷ್ಟಿಯ ಅಳತೆಯನ್ನು 6/9, 6/18 ಅಂತ ಬರೆದಿರುತ್ತಾರೆ. 6/18 ಅಂದರೆ ಸರಿಯಾದ ಕಣ್ಣು 18 ಮೀಟರ್ ದೂರದಿಂದ ಓದುವುದನ್ನು ನೀವು 6 ಮೀಟರ್ ಹತ್ತಿರ ಬಂದು ಓದುತ್ತಿದ್ದೀರಿ ಅಂತ. ಆಪರೇಷನ್ ನಿಜಕ್ಕೂ ಬೇಕಿತ್ತಾ ಅಂತ ಕಂಪನಿಯವರು ನೋಡುವಾಗ ಈ ಅಂಕಿಯನ್ನೂ ನೋಡುತ್ತಾರೆ.

5. ಬಿಲ್ ಕೈಗೆ ಬಂದಾಗ

ಡಿಸ್‌ಚಾರ್ಜ್ ಆಗುವ ದಿನ ಕಣ್ಣಿಗೆ ಪಟ್ಟಿ ಕಟ್ಟಿರುತ್ತದೆ, ಕರೆದುಕೊಂಡು ಹೋಗಲು ಆಟೋ ಕಾಯುತ್ತಿರುತ್ತದೆ. ಬಿಲ್ ನೋಡಲು ಪುರುಸೊತ್ತಿರುವುದಿಲ್ಲ. ಅದಕ್ಕೇ ಜೊತೆಗೆ ಬಂದವರು ನೋಡಬೇಕು.

ಮೊದಲು ಲೆನ್ಸಿನ ಸ್ಟಿಕ್ಕರ್. ಲೆನ್ಸ್ ಬರುವ ಡಬ್ಬಿಯಲ್ಲಿ ಸಣ್ಣ ಸಣ್ಣ ಸ್ಟಿಕ್ಕರ್ ಇರುತ್ತವೆ. ಅದರ ಮೇಲೆ ಕಂಪನಿ ಹೆಸರು, ಪವರ್, ಸೀರಿಯಲ್ ನಂಬರ್ ಇರುತ್ತದೆ. ಒಂದನ್ನು ಡಿಸ್‌ಚಾರ್ಜ್ ಸಮ್ಮರಿಗೆ ಅಂಟಿಸಿಕೊಡುತ್ತಾರೆ. ಅಂಟಿಸಿದ್ದಾರಾ, ನೀವು ದುಡ್ಡು ಕೊಟ್ಟ ಲೆನ್ಸಿನ ಹೆಸರೇ ಅದರಲ್ಲಿದೆಯಾ ನೋಡಿ. ಇಲ್ಲದಿದ್ದರೆ ಕೇಳಿ ತೆಗೆದುಕೊಳ್ಳಿ. ರೀಇಂಬರ್ಸ್‌ಮೆಂಟ್ ಹಾಕುವವರಿಗೆ, ಅಂದರೆ ಮೊದಲು ತಾವೇ ದುಡ್ಡು ಕಟ್ಟಿ ಆಮೇಲೆ ಕಂಪನಿಯಿಂದ ವಾಪಸ್ ಕೇಳುವವರಿಗೆ, ಈ ಸ್ಟಿಕ್ಕರ್ ಇಲ್ಲದೆ ಫೈಲ್ ಮುಂದೆ ಹೋಗುವುದು ಕಷ್ಟ.

ಆಮೇಲೆ ಚಿಲ್ಲರೆ ಐಟಂಗಳು. ಐ ಪ್ಯಾಡ್, ಐ ಶೀಲ್ಡ್, ಐ ಕಿಟ್, ಐ ಡ್ರೇಪ್, ಮೈಕ್ರೋಸ್ಕೋಪ್ ಕವರ್, ಹತ್ತಿ, ಗಾಜ್ ಬಟ್ಟೆ. ವಿಮಾ ಪ್ರಾಧಿಕಾರದ ಪಟ್ಟಿಯಲ್ಲಿ ಇವೆಲ್ಲ ಆಪರೇಷನ್ ಚಾರ್ಜಿನೊಳಗೇ ಸೇರಿದ್ದು. ಬೇರೆ ಸಾಲಿನಲ್ಲಿ ಹಾಕಿದರೆ ಕಂಪನಿ ಕೊಡುವುದಿಲ್ಲ, ನಿಮ್ಮ ತಲೆಗೆ ಬರುತ್ತದೆ. ‘ಇದು ಪ್ರೊಸೀಜರ್ ಚಾರ್ಜಿನಲ್ಲೇ ಬರುತ್ತೆ ಅಲ್ವಾ?’ ಅಂತ ಮೆಲ್ಲಗೆ ಕೇಳಿದರೆ ಎಷ್ಟೋ ಸಲ ತೆಗೆದುಹಾಕುತ್ತಾರೆ.

ಇನ್ನು ಬಹಳ ಜನ ಬಿಟ್ಟುಬಿಡುವ ದುಡ್ಡು ಒಂದಿದೆ. ಆಪರೇಷನ್‌ಗೆ ಮುಂಚಿನ ಟೆಸ್ಟುಗಳು, ಆಮೇಲಿನ ಡ್ರಾಪ್ಸು, ಮರುಭೇಟಿಯ ಫೀಸು. ಕ್ಯಾಶ್‌ಲೆಸ್ ಆಯಿತು, ಮುಗೀತು ಅಂತ ಜನ ಫೈಲ್ ಕಟ್ಟಿಡುತ್ತಾರೆ. ಆರೋಗ್ಯ ಸಂಜೀವನಿಯಲ್ಲಿ ಆಸ್ಪತ್ರೆಗೆ ಸೇರುವ ಮುಂಚಿನ 30 ದಿನ, ಆಮೇಲಿನ 60 ದಿನದ ಇಂಥ ಖರ್ಚಿಗೂ ಕ್ಲೇಮ್ ಇದೆ. ಬೇರೆ ಪಾಲಿಸಿಗಳಲ್ಲಿ ಇನ್ನೂ ಜಾಸ್ತಿ ದಿನ ಇರಬಹುದು. ಓಪಿಡಿಯಲ್ಲಿ ಸಿಗದ ಡ್ರಾಪ್ಸಿನ ದುಡ್ಡು ಆಪರೇಷನ್ ಆದ ಮೇಲೆ ಸಿಗುತ್ತದೆ ಅನ್ನುವುದು ಇದರಿಂದಲೇ. ಒಂದು ಎಚ್ಚರಿಕೆ: ಆಪರೇಷನ್ ಬಿಲ್ಲೇ ಪೊರೆಯ ಮಿತಿ ಮುಟ್ಟಿದ್ದರೆ ಇವಕ್ಕೆ ಪ್ರತ್ಯೇಕ ದುಡ್ಡು ಇದೆಯಾ ಅಂತ ಕಂಪನಿಯನ್ನು ಕೇಳಿಕೊಳ್ಳಿ. ಮೆಡಿಕಲ್ ಶಾಪಿನ ಬಿಲ್ಲಿನಲ್ಲಿ ರೋಗಿಯ ಹೆಸರು, ಡಾಕ್ಟರ ಹೆಸರು ಇರಬೇಕು. ಹರುಕು ಚೀಟಿಯಲ್ಲಿ ಬರೆದುಕೊಟ್ಟದ್ದು ನಡೆಯುವುದಿಲ್ಲ. ಸಾಮಾನ್ಯವಾಗಿ ಮುಖ್ಯ ಕ್ಲೇಮ್‌ಗೆ ಡಿಸ್‌ಚಾರ್ಜ್ ಆದ 30 ದಿನದೊಳಗೆ, ನಂತರದ ಖರ್ಚಿಗೆ ಆ ಅವಧಿ ಮುಗಿದ 15 ದಿನದೊಳಗೆ ಕಾಗದ ಕೊಡಬೇಕು. ಆಪರೇಷನ್ ಆದ ಮೇಲೆ ಮಾಡಿಸುವ ಹೊಸ ಕನ್ನಡಕ ಇದರಲ್ಲಿ ಸೇರುವುದಿಲ್ಲ.

ಎರಡನೇ ಕಣ್ಣಿನ ವಿಷಯ. ಮಿತಿ ಒಂದೊಂದು ಕಣ್ಣಿಗೂ ಬೇರೆ ಬೇರೆ ಇದ್ದರೆ ಒಂದೇ ವರ್ಷ ಎರಡೂ ಮಾಡಿಸಬಹುದು. ಒಂದು ವರ್ಷಕ್ಕೆ ಎರಡೂ ಕಣ್ಣು ಸೇರಿ ಇಷ್ಟೇ ಅಂತ ಇದ್ದರೆ, ಡಾಕ್ಟರ್ ಕಾಯಬಹುದು ಅಂದರೆ, ಪಾಲಿಸಿ ರಿನ್ಯೂವಲ್ ಆದ ಮೇಲೆ ಎರಡನೆಯದನ್ನು ಇಟ್ಟುಕೊಳ್ಳಿ.

6. ಕಾಯಬಾರದ ಕಣ್ಣಿನ ತೊಂದರೆಗಳು

ಇಲ್ಲಿಯವರೆಗೆ ಹೇಳಿದ ತಾಳ್ಮೆ ಪೊರೆಗೆ. ಇದ್ದಕ್ಕಿದ್ದಂತೆ ಕಣ್ಣಿನ ಮುಂದೆ ಪರದೆ ಇಳಿದ ಹಾಗೆ ಆದರೆ, ಮಿಂಚು ಹೊಡೆದ ಹಾಗೆ ಕಂಡು ಕಪ್ಪು ಚುಕ್ಕೆಗಳು ತುಂಬಾ ಹಾರಾಡಿದರೆ, ತಲೆನೋವು ವಾಂತಿಯ ಜೊತೆ ಕಣ್ಣು ಕೆಂಪಾಗಿ ನೋವಾದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಇನ್ಶೂರೆನ್ಸ್ ಆಮೇಲೆ. ಎಮರ್ಜೆನ್ಸಿಯಲ್ಲಿ ಸೇರಿದ 24 ಗಂಟೆಯೊಳಗೆ ಕಂಪನಿಗೆ ತಿಳಿಸಿದರೆ ಸಾಕು.

ಕಬ್ಬಿನ ಗದ್ದೆಯಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಕಬ್ಬಿನ ಸೋಗೆ ಕಣ್ಣಿಗೆ ಗೀರಿದರೆ ‘ಏನೋ ಸವರಿಹೋಯ್ತು’ ಅಂತ ಬಿಡಬೇಡಿ. ಸಸ್ಯದಿಂದಾದ ಇಂಥ ಗಾಯದಲ್ಲಿ ಶಿಲೀಂಧ್ರದ ಸೋಂಕು ಹತ್ತಿ ಕಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾಗುವುದುಂಟು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟಿರಾಯ್ಡ್ ಡ್ರಾಪ್ಸ್ ಹಾಕಿದರೆ ಹುಣ್ಣು ಇನ್ನೂ ಕೆಡುತ್ತದೆ. ಅಪಘಾತದ ಗಾಯಕ್ಕೆ ವೇಟಿಂಗ್ ಪೀರಿಯಡ್ ಇಲ್ಲ, ಪಾಲಿಸಿ ತೆಗೆದುಕೊಂಡ ಮೊದಲ ದಿನದಿಂದಲೇ ಸಿಗುತ್ತದೆ. ಆದರೆ ಹುಣ್ಣಿಗೆ ಬರೀ ಡ್ರಾಪ್ಸಿನ ಚಿಕಿತ್ಸೆ ಆದರೆ ಓಪಿಡಿ ಲೆಕ್ಕ, ಆಸ್ಪತ್ರೆಗೆ ಸೇರಿಸಿಕೊಂಡರೆ ಮಾತ್ರ ಕ್ಲೇಮ್.

ಇಂಥವರಿಗೆ ಬ್ಯಾಂಕಿನ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಇರಲೇಬೇಕು ಅನ್ನುತ್ತೇನೆ. ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರಿಗೆ, ಜೂನ್ 1ರಿಂದ ಮೇ 31ರವರೆಗೆ. ಅಪಘಾತದಲ್ಲಿ ಒಂದು ಕಣ್ಣಿನ ದೃಷ್ಟಿ ಪೂರ್ತಿ ಹೋಗಿ ಮತ್ತೆ ಬರುವುದಿಲ್ಲ ಅಂತಾದರೆ 1 ಲಕ್ಷ, ಎರಡೂ ಹೋದರೆ 2 ಲಕ್ಷ ಸಿಗುತ್ತದೆ. ಮೇ ಕೊನೆಗೆ ಖಾತೆಯಲ್ಲಿ ಅಷ್ಟು ದುಡ್ಡು ಇರಲಿ.

ಶುಗರ್‌ನಿಂದ ರೆಟಿನಾ ಊದಿಕೊಂಡವರಿಗೆ ಕಣ್ಣಿನೊಳಗೆ ಇಂಜೆಕ್ಷನ್ ಕೊಡುತ್ತಾರೆ. ಒಂದಕ್ಕೆ ಮುಗಿಯುವುದಿಲ್ಲ, ಹಲವು ಬೇಕಾಗುತ್ತವೆ, ದುಬಾರಿಯೂ ಹೌದು. ಐದು ನಿಮಿಷದ ಕೆಲಸ ಆದ್ದರಿಂದ ‘ಇದು ಓಪಿಡಿ’ ಅಂತ ಕೈ ಎತ್ತಿಬಿಡುವ ಕಂಪನಿಗಳಿವೆ. ಆದರೆ 2019ರಲ್ಲಿ ವಿಮಾ ಪ್ರಾಧಿಕಾರ ಪಾಲಿಸಿಯಿಂದ ಹೊರಗಿಡಬಾರದು ಅಂತ ಹೇಳಿದ 12 ಆಧುನಿಕ ಚಿಕಿತ್ಸೆಗಳಲ್ಲಿ ಈ ಇಂಜೆಕ್ಷನ್ನೂ ಇದೆ. ಕಂಪನಿ ಮಿತಿ ಹಾಕಬಹುದು. ಆರೋಗ್ಯ ಸಂಜೀವನಿಯಲ್ಲಿ ವಿಮಾ ಮೊತ್ತದ ಅರ್ಧದವರೆಗೆ ಇದೆ. ಡೇ ಕೇರ್ ಆಗಿ ದಾಖಲು ಮಾಡಿಕೊಂಡು ಥಿಯೇಟರ್‌ನಲ್ಲಿ ಕೊಟ್ಟ ಇಂಜೆಕ್ಷನ್‌ಗೆ ಡಿಸ್‌ಚಾರ್ಜ್ ಸಮ್ಮರಿ ತೆಗೆದುಕೊಳ್ಳುವುದನ್ನು ಮರೆಯಬೇಡಿ.

7. ಆಗಲ್ಲ ಅಂದರೆ

ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಾರಣ ಬರಹದಲ್ಲಿ ತೆಗೆದುಕೊಳ್ಳಿ. ಪಾಲಿಸಿಯ ಯಾವ ಷರತ್ತಿನ ಮೇಲೆ ತಿರಸ್ಕರಿಸಿದ್ದೇವೆ ಅಂತ ಕಂಪನಿ ಹೇಳಲೇಬೇಕು. ಅವರ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ತಿರಸ್ಕರಿಸುವಂತೆಯೂ ಇಲ್ಲ. ಫೋನಿನಲ್ಲಿ ಹೇಳಿದ್ದನ್ನು ನಂಬಿ ಸುಮ್ಮನಾಗಬೇಡಿ. ಐದು ವರ್ಷ ಎಡೆಬಿಡದೆ ಪಾಲಿಸಿ ನಡೆಸಿಕೊಂಡು ಬಂದಿದ್ದರೆ, ‘ಕಾಯಿಲೆ ಮುಚ್ಚಿಟ್ಟಿದ್ದಿರಿ’ ಅಂತ ಹೇಳಿ ಕ್ಲೇಮ್ ತಿರಸ್ಕರಿಸಲು ಆಗುವುದಿಲ್ಲ, ಮೋಸ ಅಂತ ಸಾಬೀತು ಮಾಡಿದರೆ ಮಾತ್ರ ಆಗುತ್ತದೆ.

ಕಂಪನಿಯ ದೂರು ವಿಭಾಗಕ್ಕೆ ಪತ್ರ ಅಥವಾ ಇಮೇಲ್ ಕಳಿಸಿ, ದೂರಿನ ನಂಬರ್ ಇಟ್ಟುಕೊಳ್ಳಿ. ಅದೇ ದೂರನ್ನು ವಿಮಾ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಹಾಕಬಹುದು, 155255ಕ್ಕೆ ಫೋನ್ ಮಾಡಿಯೂ ಕೊಡಬಹುದು. ಒಂದು ತಿಂಗಳಾದರೂ ಉತ್ತರ ಇಲ್ಲ, ಅಥವಾ ಬಂದ ಉತ್ತರ ಸರಿ ಇಲ್ಲ ಅಂದರೆ ಇನ್ಶೂರೆನ್ಸ್ ಒಂಬುಡ್ಸ್‌ಮನ್, ಅಂದರೆ ಗ್ರಾಹಕ ಮತ್ತು ವಿಮಾ ಕಂಪನಿಯ ನಡುವಿನ ತಕರಾರು ತೀರ್ಮಾನಿಸುವ ಅಧಿಕಾರಿಯ ಹತ್ತಿರ ಹೋಗಬೇಕು. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಫೀಸು ಇಲ್ಲ, ವಕೀಲರೂ ಬೇಡ, 50 ಲಕ್ಷದವರೆಗಿನ ಪ್ರಕರಣ ಅಲ್ಲಿ ನಡೆಯುತ್ತದೆ. ಕಂಪನಿಯ ಕೊನೆಯ ಉತ್ತರ ಬಂದ ಒಂದು ವರ್ಷದೊಳಗೆ ದೂರು ಕೊಡಬೇಕು. ಅದೇ ವಿಷಯಕ್ಕೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಕೇಸ್ ಹಾಕಿದ್ದರೆ ಒಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಮೊದಲು ಇಲ್ಲಿಗೆ ಬನ್ನಿ. ಮಂಡ್ಯದಿಂದ ರೈಲು ಹತ್ತಬೇಕಾದ್ದೂ ಇಲ್ಲ, ದೂರನ್ನು ಆನ್‌ಲೈನ್‌ನಲ್ಲೇ ಕೊಡಬಹುದು. ತಿರಸ್ಕಾರದ ಪತ್ರ, ಪಾಲಿಸಿ, ಡಿಸ್‌ಚಾರ್ಜ್ ಸಮ್ಮರಿ, ಬಿಲ್ಲುಗಳು, ನೀವು ಕಂಪನಿಗೆ ಬರೆದ ಪತ್ರ, ಇವಿಷ್ಟನ್ನು ಸ್ಕ್ಯಾನ್ ಮಾಡಿಸಿ ಹಾಕಿ. ಸ್ಕ್ಯಾನ್ ಮಾಡುವಾಗ ಸ್ಟಿಕ್ಕರ್ ಅಂಟಿಸಿದ ಪುಟ ಬಿಟ್ಟುಹೋಗದಂತೆ ನೋಡಿಕೊಳ್ಳಿ.